ದೇಶ ವಿಭಜನೆ: ಓಟೇ ಹಾಕದ ಕೊಲ್ಹಾಪುರದ ಕಥೆ

ದೇಶ ವಿಭಜನೆ ಎಂದ ಕೂಡಲೇ ಲಾಹೋರ್, ಅಮೃತಸರ, ಕಲ್ಕತ್ತಾ ನೆನಪಾಗುತ್ತವೆ. ಬೆಳಗಾವಿ ದಾಟಿದರೆ ಸಿಗುವ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಯಾರಿಗೂ ನೆನಪಾಗುವುದಿಲ್ಲ. ಆದರೆ ಹಿಂದೂ-ಮುಸ್ಲಿಂ ಮನಸ್ತಾಪ ಎರಡು ದೇಶವಾಗಿ ಬೆಳೆದದ್ದು ಹೇಗೆ ಎಂದು ತಿಳಿಯಲು ಈ ಊರುಗಳ ಇತಿಹಾಸ ನೋಡಲೇಬೇಕು.

ಆಗ ಇವೆಲ್ಲ ಬ್ರಿಟಿಷರ ನೇರ ಆಡಳಿತದಲ್ಲಿ ಇರಲಿಲ್ಲ. ಗಡಹಿಂಗ್ಲಜ ಕೊಲ್ಹಾಪುರ ಸಂಸ್ಥಾನದ ಭಾಗ. ಇಚಲಕರಂಜಿ ಅದೇ ಸಂಸ್ಥಾನದ ಅಧೀನದಲ್ಲಿದ್ದ ಘೋರ್ಪಡೆ ಮನೆತನದ ಜಹಗೀರು.

1906ರ ಎರಡು ದಾರಿ

ಶಾಹೂ ಮಹಾರಾಜರು 1902ರ ಜುಲೈ 26ರಂದು ಸಂಸ್ಥಾನದ ನೌಕರಿಗಳಲ್ಲಿ 50 ಶೇಕಡಾವನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಇದರಲ್ಲಿ ಮುಸ್ಲಿಮರೂ ಸೇರಿದ್ದರು. 1906ರಲ್ಲಿ ಅವರ ಬೆಂಬಲದಿಂದ ಮೊಹಮ್ಮದನ್ ಎಜುಕೇಶನ್ ಸೊಸೈಟಿ ಹುಟ್ಟಿತು. ಅದರ ಮುಸ್ಲಿಂ ಬೋರ್ಡಿಂಗ್‌ನಲ್ಲಿ ಬಡ ಮಕ್ಕಳು ಉಳಿದುಕೊಂಡು ಕಲಿತರು.

ಅದೇ 1906ರಲ್ಲಿ ಆಗಾ ಖಾನ್ ನೇತೃತ್ವದ ನಿಯೋಗ ಸಿಮ್ಲಾದಲ್ಲಿ ವೈಸರಾಯ್ ಮಿಂಟೋರನ್ನು ಭೇಟಿಯಾಗಿ ಮುಸ್ಲಿಮರಿಗೆ ಪ್ರತ್ಯೇಕ ಪ್ರಾತಿನಿಧ್ಯ ಕೇಳಿತು. ವರ್ಷದ ಕೊನೆಗೆ ಢಾಕಾದಲ್ಲಿ ಮುಸ್ಲಿಂ ಲೀಗ್ ಸ್ಥಾಪನೆಯಾಯಿತು. ಹಿಂದುಳಿದಿದ್ದೇವೆ ಎಂಬ ಕಾಯಿಲೆ ಎರಡೂ ಕಡೆ ಒಂದೇ, ಮದ್ದು ಮಾತ್ರ ಬೇರೆ.

ಬೇರೆ ಬೇರೆ ಮತದಾರರ ಪಟ್ಟಿ

1909ರ ಕಾಯ್ದೆ ಪ್ರತ್ಯೇಕ ಮತಕ್ಷೇತ್ರ ತಂದಿತು. ಮುಸ್ಲಿಂ ಸೀಟಿಗೆ ಮುಸ್ಲಿಮರು ಮಾತ್ರ ಓಟು ಹಾಕಬೇಕು. 1916ರ ಲಕ್ನೋ ಒಪ್ಪಂದದಲ್ಲಿ ಕಾಂಗ್ರೆಸ್ಸೂ ಇದಕ್ಕೆ ಒಪ್ಪಿತು. ಅಭ್ಯರ್ಥಿ ಇನ್ನೊಂದು ಸಮುದಾಯದ ಮನೆಬಾಗಿಲಿಗೆ ಹೋಗುವ ಅಗತ್ಯವೇ ಇಲ್ಲದಾಯಿತು. ಒಂದು ಸಮುದಾಯದ ಭಯ ಇನ್ನೊಂದು ಕಡೆಯವರ ರಾಜಕೀಯ ಬಂಡವಾಳವಾಯಿತು.

ಬೇರೆ ದಾರಿ ಇರಲಿಲ್ಲವೇ? ಇತ್ತು. 1919ರ ಕಾಯ್ದೆಯಡಿ ಬಾಂಬೆ ಪ್ರಾಂತ್ಯದಲ್ಲಿ ಮರಾಠರು ಮತ್ತು ಸಂಬಂಧಿತ ಜಾತಿಗಳಿಗೆ 7 ಸೀಟು ಮೀಸಲಾಯಿತು. ಅಲ್ಲಿ ಸೀಟು ಮೀಸಲು, ಆದರೆ ಓಟು ಎಲ್ಲರದ್ದು. 1932ರ ಪುಣೆ ಒಪ್ಪಂದವೂ ದಲಿತರ ವಿಷಯದಲ್ಲಿ ಇದೇ ದಾರಿ ಹಿಡಿಯಿತು. ಆದರೆ ಮುಸ್ಲಿಂ ಸೀಟುಗಳಲ್ಲಿ ಗೋಡೆ ಹಾಗೇ ಉಳಿಯಿತು.

ಎರಡು ರಾಷ್ಟ್ರದ ಮಾತು ಒಂದು ಕಡೆಯಿಂದ ಮಾತ್ರ ಬಂದದ್ದಲ್ಲ. 1937ರಲ್ಲಿ ಅಹಮದಾಬಾದಿನ ಹಿಂದೂ ಮಹಾಸಭಾ ಅಧಿವೇಶನದಲ್ಲಿ ಸಾವರ್ಕರ್ ಇದನ್ನು ಹೇಳಿದರು. 1940ರಲ್ಲಿ ಲಾಹೋರ್‌ನಲ್ಲಿ ಜಿನ್ನಾ ಹೇಳಿದರು. ನಡುವೆ ಗಲಭೆಗಳು ಸುಡುತ್ತಲೇ ಇದ್ದವು.

ಓಟು ಯಾರದ್ದು, ನಷ್ಟ ಯಾರಿಗೆ?

1945-46ರ ಚುನಾವಣೆಯಲ್ಲಿ ಕೇಂದ್ರ ಶಾಸನಸಭೆಯ 30 ಮುಸ್ಲಿಂ ಸೀಟುಗಳನ್ನೂ ಲೀಗ್ ಗೆದ್ದಿತು. ಭಾರತದ ಮುಸ್ಲಿಮರೆಲ್ಲ ಪಾಕಿಸ್ತಾನ ಕೇಳಿದರು ಎಂದು ಇಂದಿಗೂ ಕೆಲವರು ಹೇಳ್ತಾರೆ. ಆದರೆ ಆಗ ಎಲ್ಲರಿಗೂ ಓಟು ಇರಲಿಲ್ಲ. ಆಸ್ತಿ, ತೆರಿಗೆ, ಓದು ಇದ್ದವರಿಗಷ್ಟೇ ಇತ್ತು. ಸಂಸ್ಥಾನದ ಪ್ರಜೆಗಳಿಗಂತೂ ಆ ಚುನಾವಣೆಯೇ ಇರಲಿಲ್ಲ. ಬ್ರಿಟಿಷ್ ಬೆಳಗಾವಿ ಜಿಲ್ಲೆಯ ಸಂಕೇಶ್ವರಕ್ಕೆ ಆ ಚುನಾವಣೆ ಇತ್ತು. ಪಕ್ಕದ ಗಡಹಿಂಗ್ಲಜದ ವ್ಯಾಪಾರಿ, ಇಚಲಕರಂಜಿಯ ನೇಕಾರ ಹಿಂದೂವಾಗಲಿ ಮುಸ್ಲಿಮನಾಗಲಿ, ವಿಭಜನೆ ಬೇಕೋ ಬೇಡವೋ ಎಂದು ಅವರನ್ನು ಯಾರೂ ಕೇಳಲಿಲ್ಲ.

1946ರಲ್ಲಿ ಕ್ಯಾಬಿನೆಟ್ ಮಿಷನ್ ಯೋಜನೆ ಮುರಿದುಬಿತ್ತು. ಆಗಸ್ಟ್ 16ರಂದು ಕಲ್ಕತ್ತಾದಲ್ಲಿ ಶುರುವಾದ ಹತ್ಯಾಕಾಂಡ ನೌಖಾಲಿ, ಬಿಹಾರ, ಪಂಜಾಬಿಗೆ ಹಬ್ಬಿತು. 1947ರ ಜೂನ್ 3ರಂದು ವಿಭಜನೆ ಘೋಷಣೆಯಾಯಿತು. ಜುಲೈಯಲ್ಲಿ ಭಾರತಕ್ಕೆ ಬಂದ ರ‍್ಯಾಡ್‌ಕ್ಲಿಫ್ ಸುಮಾರು 5 ವಾರದಲ್ಲಿ ಗಡಿ ಎಳೆದರು. ಅದು ಜನರಿಗೆ ಗೊತ್ತಾದದ್ದು ಆಗಸ್ಟ್ 17ಕ್ಕೆ, ಸ್ವಾತಂತ್ರ್ಯ ಬಂದ ಮೇಲೆ. ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟರು, ಲಕ್ಷಾಂತರ ಮಂದಿ ಸತ್ತರು.

ಗಾಂಧಿನಗರದ ಬಟ್ಟೆ ಅಂಗಡಿಗಳು

ಆ ಗಾಯದ ಗುರುತು ಕೊಲ್ಹಾಪುರದಲ್ಲೂ ಇದೆ. ಎರಡನೇ ಮಹಾಯುದ್ಧದಲ್ಲಿ ವಳಿವಡೆಯ ಶಿಬಿರದಲ್ಲಿ ಸುಮಾರು 5,000 ಪೋಲಿಷ್ ನಿರಾಶ್ರಿತರಿದ್ದರು. ವಿಭಜನೆಯ ನಂತರ ಅದೇ ಜಾಗಕ್ಕೆ ಸಿಂಧಿನಿಂದ ಓಡಿಬಂದ ಕುಟುಂಬಗಳು ಬಂದು ನೆಲೆಸಿದವು. ಅದೇ ಇಂದಿನ ಗಾಂಧಿನಗರ, ದೊಡ್ಡ ಹೋಲ್‌ಸೇಲ್ ಬಟ್ಟೆ ಮಾರುಕಟ್ಟೆ. ಕೈಯಲ್ಲಿ ಏನೂ ಇಲ್ಲದೆ ಬಂದವರು ವ್ಯಾಪಾರದಿಂದಲೇ ಮತ್ತೆ ಎದ್ದು ನಿಂತರು.

ಕೂಡಿ ಬಾಳಿದ ಗುರುತೂ ಇದೆ. ಉಸ್ತಾದ್ ಅಲ್ಲಾದಿಯಾ ಖಾನ್ ಕೊಲ್ಹಾಪುರ ದರ್ಬಾರಿನ ಗಾಯಕರು. ಅವರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನ್ ಬಳಿ ಕಲಿತವರೇ ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರ್. 1949ರ ಮಾರ್ಚ್ 1ರಂದು ಸಂಸ್ಥಾನ ಬಾಂಬೆ ಪ್ರಾಂತ್ಯದಲ್ಲಿ ವಿಲೀನವಾಯಿತು. ಇಲ್ಲಿನ ಮುಸ್ಲಿಮರು ಈ ಮಣ್ಣಿನವರಾಗಿಯೇ ಉಳಿದರು.

ಹಾಗಂತ ಎಲ್ಲವೂ ಸರಿಯಿದೆ ಎಂದಲ್ಲ. 2023ರ ಜೂನ್‌ನಲ್ಲಿ ಮೊಬೈಲ್ ಸ್ಟೇಟಸ್ ವಿಚಾರಕ್ಕೆ ಕೊಲ್ಹಾಪುರದಲ್ಲಿ ಕಲ್ಲು ತೂರಾಟವಾಗಿ ಇಂಟರ್‌ನೆಟ್ ಬಂದ್ ಮಾಡಬೇಕಾಯಿತು. ಅಂಗಡಿಗಳ ಗಾಜು ಒಡೆಯಿತು. ದಿನದ ದುಡಿಮೆ ನಂಬಿದವರು ಬಾಗಿಲು ಹಾಕಿ ಕೂತರು.

"ನೀವು ಪಾಕಿಸ್ತಾನ ಕೇಳಿದವರು" ಎಂದು ಯಾರಾದರೂ ಚುಚ್ಚಿದರೆ ನಮ್ಮ ಯುವಕರು ಸಿಟ್ಟಾಗಬೇಕಿಲ್ಲ. ಗಡಹಿಂಗ್ಲಜದವರ ಓಟಿನ ಲೆಕ್ಕ ಹೇಳಿದರೆ ಸಾಕು. ಜತೆಗೆ ಇನ್ನೊಂದು ಪಾಠವನ್ನೂ ನೆನಪಿಟ್ಟುಕೊಳ್ಳಬೇಕು: ಪಕ್ಕದ ಮನೆಯವನ ಓಟು, ಅವನ ಗಿರಾಕಿತನ, ಅವನ ಸ್ನೇಹ ನಮಗೆ ಬೇಡ ಎನ್ನುವ ವ್ಯವಸ್ಥೆ ಯಾರೇ ಕಟ್ಟಿದರೂ ಅದು ಗೋಡೆಯಾಗಿಯೇ ಬೆಳೆಯುತ್ತದೆ.