ಕಿವಿಯ ವಿದ್ಯೆಗಾಗಿ ಘಟ್ಟ ಹತ್ತಿದ ಕಾಲ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿ, “ಮಾಷ್ಟ್ರೇ, ಮಗಳು ಆಡಿಯಾಲಜಿಯಲ್ಲಿ ಮುಂದೆ ಓದಲು ಮೈಸೂರಿಗೂ ಹೊರದೇಶಕ್ಕೂ ಅರ್ಜಿ ಹಾಕುತ್ತಿದ್ದಾಳೆ. ಹೊರದೇಶದವರು ಈ ವಿಷಯವನ್ನೇ ಏಕೆ ಆರಿಸಿಕೊಂಡೆ ಎಂದು ಒಂದು ಪುಟ ಬರೆಯಿಸುತ್ತಾರಂತೆ. ನೀವೊಮ್ಮೆ ನೋಡಿ ಕೊಡಬೇಕು” ಎಂದಳು. ಹುಡುಗಿ ಬರೆದುದನ್ನು ಓದಿದೆ. ಭಾಷೆ ಶುದ್ಧವಾಗಿತ್ತು, ಆದರೆ ಈ ವಿದ್ಯೆ ನಮ್ಮ ನಾಡಿಗೆ ಬಂದ ಬಗೆಯ ಕುರಿತು ಒಂದಕ್ಷರವೂ ಇರಲಿಲ್ಲ. ಅವಳಿಗಾಗಿ ಮಾಡಿಕೊಂಡ ಟಿಪ್ಪಣಿಯನ್ನೇ ತುಸು ತಿದ್ದಿ ಇಲ್ಲಿ ಹಾಕಿದ್ದೇನೆ.

ಶ್ರವಣವಿಜ್ಞಾನ ಯುದ್ಧದ ಕೂಸು. ಎರಡನೆಯ ಮಹಾಯುದ್ಧದಲ್ಲಿ ಶ್ರವಣಶಕ್ತಿ ಕಳೆದುಕೊಂಡ ಸೈನಿಕರಿಗಾಗಿ ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ ಪ್ರತ್ಯೇಕ ಕೇಂದ್ರಗಳು ತೆರೆದವು. ಅಂಥದೊಂದರಲ್ಲಿ ದುಡಿದ ರೇಮಂಡ್ ಕಾರ್ಹಾರ್ಟ್ ಯುದ್ಧಾನಂತರ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಅದನ್ನು ಪಾಠ್ಯವಿಷಯವಾಗಿ ಬೆಳೆಸಿದರು.

ಎರಡು ದಶಕಗಳ ಬಳಿಕ, 1965ರಲ್ಲಿ, ಮೈಸೂರಿನಲ್ಲಿ ಇಂದಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿತು. ಮಾನಸಗಂಗೋತ್ರಿಯಲ್ಲಿ ಅದಕ್ಕೆ ನೆಲವಿತ್ತವರು ಜಯಚಾಮರಾಜ ಒಡೆಯರು. 1966ರ ಜುಲೈಯಲ್ಲಿ ಶಂಕುಸ್ಥಾಪನೆ ಮಾಡಿದವರು ಒಂದು ಕಾಲಕ್ಕೆ ಮೈಸೂರಿನಲ್ಲೇ ಪಾಠ ಹೇಳಿದ್ದ ರಾಷ್ಟ್ರಪತಿ ರಾಧಾಕೃಷ್ಣನ್. ಸೋಜಿಗವೆಂದರೆ ಅಲ್ಲಿ ಎಂ.ಎಸ್ಸಿ. ತರಗತಿ ಮೊದಲು, 1966ರಲ್ಲಿ, ತೊಡಗಿತು, ಬಿ.ಎಸ್ಸಿ. ಬಂದದ್ದು 1968ರಲ್ಲಿ. ಮಾಡು ಹೊದಿಸಿ ಆಮೇಲೆ ಅಡಿಪಾಯ ಹಾಕಿದಂತೆ! ಆದರೆ ಕಲಿಸುವವರೇ ಇಲ್ಲದಾಗ ಮೊದಲು ಅವರನ್ನೇ ತಯಾರು ಮಾಡಬೇಡವೇ?

ಆ ಕಾಲದಲ್ಲಿ ನಮ್ಮ ಜಿಲ್ಲೆಯಿಂದ ಈ ವಿದ್ಯೆಗೆ ಹೊರಟವರು ಪುತ್ತೂರು, ಸುಳ್ಯ ದಾಟಿ, ಸಂಪಾಜೆಯಲ್ಲಿ ಘಟ್ಟ ಹತ್ತಿ, ಮಡಿಕೇರಿಯ ಮಂಜಿನಲ್ಲಿ ಹಾದು ಮೈಸೂರು ಸೇರಬೇಕಿತ್ತು. ಈಗ ಮಂಗಳೂರಲ್ಲೇ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಕಂಕನಾಡಿಯ ಫಾದರ್ ಮುಲ್ಲರ್, ಡಾ. ಎಂ.ವಿ. ಶೆಟ್ಟಿ ಕಾಲೇಜು, ದೇರಳಕಟ್ಟೆಯ ನಿಟ್ಟೆ ಸಂಸ್ಥೆಗಳಲ್ಲಿ ಇದನ್ನು ಕಲಿಸುತ್ತಾರೆ. ಪದವಿಗೆ ನಾಲ್ಕು ವರ್ಷ, ಅದರಲ್ಲಿ ಕೊನೆಯದು ಆಸ್ಪತ್ರೆಯ ತರಬೇತಿ. ಬಳಿಕ ಎರಡು ವರ್ಷದ ಎಂ.ಎಸ್ಸಿ. 1992ರ ಕಾಯ್ದೆಯಂತೆ ರೂಪುಗೊಂಡ ಭಾರತೀಯ ಪುನರ್ವಸತಿ ಪರಿಷತ್ತು ಈ ವೃತ್ತಿಗೆ ನೋಂದಣಿಯ ಕಟ್ಟುಪಾಡನ್ನೂ ತಂದಿತು. ಇನ್ನು ಅಮೆರಿಕದಲ್ಲಿ ಈ ವೃತ್ತಿಗೆ ಇಳಿಯಲು ಎಂ.ಎಸ್ಸಿ. ಸಾಲದು, ಡಾಕ್ಟರೇಟ್ ಬೇಕು.

ಹುಡುಗಿಗೆ ನಾನು ಒತ್ತಿ ಹೇಳಿದ್ದು ಬೇರೆಯೇ. ಕಿವಿಯ ಪರೀಕ್ಷೆಯೆಂದರೆ ಯಂತ್ರದ ಕುಂಯ್ ಸದ್ದು ಮಾತ್ರವಲ್ಲ. ಪದಗಳನ್ನು ಕೇಳಿಸಿ, ರೋಗಿ ಮರುನುಡಿಯುವುದನ್ನು ಎಣಿಸುತ್ತಾರೆ. ಪದ ಅಪರಿಚಿತವಾದರೆ ತಪ್ಪಿದ್ದು ಕಿವಿಯೋ ಭಾಷೆಯೋ ತಿಳಿಯದು. ಆದ್ದರಿಂದಲೇ ಮೈಸೂರಿನ ವಿದ್ಯಾರ್ಥಿಗಳೂ ಅಧ್ಯಾಪಕರೂ ಕನ್ನಡಕ್ಕೆಂದೇ ಪದಪಟ್ಟಿಗಳನ್ನು ಸಿದ್ಧಪಡಿಸಿದರು. ನಮ್ಮೂರಲ್ಲಿ ಕಾಯುವ ಸಾಲಿನಲ್ಲಿ ತುಳುವಿನ ಅಜ್ಜಿ, ಕೊಂಕಣಿಯ ಬಾಯಮ್ಮ, ಬ್ಯಾರಿ ಮಾತಾಡುವ ಮಗು ಒಟ್ಟಿಗೇ ಕುಳಿತಿರುತ್ತಾರೆ. ಮನೆಯಲ್ಲೇ ನಾಲ್ಕು ಭಾಷೆ ಕೇಳಿ ಬೆಳೆದವಳು ಅದನ್ನು ಅರ್ಜಿಯಲ್ಲಿ ಬರೆಯದೆ ಇನ್ನೇನು ಬರೆಯುವುದು?

ಇಷ್ಟು ಹೇಳುವ ಅಧಿಕಾರ ನನಗಿಲ್ಲವೆಂದೂ ಬಲ್ಲೆ. ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಉಕ್ತಲೇಖನ ಕೊಟ್ಟಾಗಲೆಲ್ಲ ಪಕ್ಕದವನ ಪುಸ್ತಕ ಇಣುಕುತ್ತಿದ್ದ. ಕಳ್ಳನೆಂದು ಬೈದು ಅವನನ್ನು ಹಿಂದಿನ ಬೆಂಚಿಗೆ ಅಟ್ಟಿದೆ. ಚಿಕ್ಕಂದಿನಿಂದ ಅವನ ಎರಡೂ ಕಿವಿ ಸೋರುತ್ತಿದ್ದವೆಂದು ಅವನ ತಾಯಿ ಹೇಳಿದ್ದು ಅವನು ಶಾಲೆ ಬಿಟ್ಟು ಮೂರು ವರ್ಷವಾದ ಮೇಲೆ, ಸಂತೆಯಲ್ಲಿ ಸಿಕ್ಕಾಗ.

ಇದನ್ನೂ ಹುಡುಗಿಗೆ ಹೇಳಿದೆ. ಮರುದಿನ ಅವಳು ತಿದ್ದಿ ಕಳುಹಿಸಿದ ಪುಟದಲ್ಲಿ ಮೊದಲ ಸಾಲೇ ಆ ಹಿಂದಿನ ಬೆಂಚು. ನನ್ನ ಹೆಸರು ಹಾಕಿರಲಿಲ್ಲ.