ಒಂದು ಅಂಕದಿಂದ ಕೈತಪ್ಪಿದ ಕಿರೀಟ

ಮೋಟಾರು ರೇಸಿನಲ್ಲಿ ಗೆಲ್ಲುವುದು ಚಾಲಕನೋ ಕಾರೋ ಎಂಬ ಚರ್ಚೆ ಹಳೆಯದು. ವಿಶ್ವ ಚಾಂಪಿಯನ್‌ಷಿಪ್ ಆರಂಭವಾದದ್ದು 1950ರಲ್ಲಿ. ಮೊದಲ ದಶಕದಲ್ಲೇ ಅರ್ಜೆಂಟೀನಾದ ಜುವಾನ್ ಮ್ಯಾನುಯೆಲ್ ಫಾಂಜಿಯೊ ಮತ್ತು ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್ ಈ ಪ್ರಶ್ನೆಯ ಎರಡು ಮುಖಗಳಾಗಿ ನಿಂತರು.

ಫಾಂಜಿಯೊ ಕಸುಬಿನಿಂದ ಮೆಕ್ಯಾನಿಕ್. ಯಾವ ಕಾರು ವರ್ಷಪೂರ್ತಿ ಬಾಳೀತು ಎಂದು ತೂಗಿ ನೋಡುವ ಕಣ್ಣು ಅವರಿಗಿತ್ತು. 1951ರಲ್ಲಿ ಆಲ್ಫಾ ರೋಮಿಯೊ. 1954ರಲ್ಲಿ ಮಾಸೆರಾಟಿಯಲ್ಲಿ ಆರಂಭಿಸಿ, ಮರ್ಸಿಡಿಸ್ ಸಿದ್ಧವಾದೊಡನೆ ಅದಕ್ಕೆ ಹಾರಿದರು. 1955ರ ಕೊನೆಗೆ ಮರ್ಸಿಡಿಸ್ ಹಿಂದೆ ಸರಿದಾಗ ಫೆರಾರಿ ಸೇರಿದರು. 1957ರಲ್ಲಿ ಮತ್ತೆ ಮಾಸೆರಾಟಿ. ನಾಲ್ಕು ಕಂಪನಿ, ಐದು ಪ್ರಶಸ್ತಿ. ಇದನ್ನು ಅವಕಾಶವಾದ ಎನ್ನಬಹುದೇ? 1957ರಲ್ಲಿ ನೂರ್‌ಬುರ್ಗ್‌ರಿಂಗ್‌ನಲ್ಲಿ, 46ನೆಯ ವಯಸ್ಸಿನಲ್ಲಿ, ಪಿಟ್‌ನಲ್ಲಿ ಕಳೆದುಕೊಂಡ ಸಮಯವನ್ನೆಲ್ಲ ಹಿಂದಕ್ಕೆ ಪಡೆದು ಎರಡು ಫೆರಾರಿಗಳನ್ನು ಹಿಂದಿಕ್ಕಿದ ಮನುಷ್ಯನಿಗೆ ಆ ಮಾತು ಒಪ್ಪುವುದಿಲ್ಲ.

ಮಾಸ್ ಅವರದು ಸ್ವದೇಶಿ ಹಟ. ಸಾಧ್ಯವಾದಾಗಲೆಲ್ಲ ಬ್ರಿಟಿಷ್ ಕಾರಿನಲ್ಲೇ ಗೆಲ್ಲಬೇಕು. 1951ರಲ್ಲಿ ಇಟಲಿಯ ಬಾರಿಗೆ ಫೆರಾರಿ ಓಡಿಸಲೆಂದು ಹೋದರೆ, ಕೊಡುತ್ತೇವೆಂದಿದ್ದ ಕಾರು ಬೇರೊಬ್ಬರ ಪಾಲಾಗಿತ್ತು. ಆ ಮುನಿಸು ವರ್ಷಗಳ ಕಾಲ ಆರಲಿಲ್ಲ. 1955ರಲ್ಲಿ ಮರ್ಸಿಡಿಸ್‌ನಲ್ಲಿ ಫಾಂಜಿಯೊ ಜೊತೆಗಾರರಾಗಿ ಎರಡನೆಯ ಸ್ಥಾನ ಪಡೆದರು. ನಂತರದ ಎರಡು ವರ್ಷವೂ ಎರಡನೆಯ ಸ್ಥಾನವೇ.

1958ರಲ್ಲಿ ಫಾಂಜಿಯೊ ನಿವೃತ್ತರಾದರು; ದಾರಿ ತೆರವಾಯಿತು. ಬೇರಿಂಗ್ ಉದ್ಯಮಿ ಟೋನಿ ವ್ಯಾಂಡರ್‌ವೆಲ್ ಕಟ್ಟಿದ ವಾನ್‌ವಾಲ್ ಕಾರು ಅತಿ ವೇಗದ್ದು, ಆದರೆ ನಂಬಿಕೆಗೆ ಅರ್ಹವಲ್ಲ. ಆ ವರ್ಷದ ಹತ್ತು ರೇಸುಗಳಲ್ಲಿ ಮಾಸ್ ನಾಲ್ಕನ್ನು ಗೆದ್ದರು (ಮೊದಲನೆಯದು ಕೂಪರ್ ಕಾರಿನಲ್ಲಿ), ಒಂದರಲ್ಲಿ ಎರಡನೆಯವರಾದರು, ಉಳಿದ ಐದನ್ನು ಮುಗಿಸಲೇ ಇಲ್ಲ. ಫೆರಾರಿಯ ಮೈಕ್ ಹಾಥಾರ್ನ್ ಗೆದ್ದದ್ದು ಒಂದೇ ರೇಸು. ಐದರಲ್ಲಿ ಎರಡನೆಯ ಸ್ಥಾನ.

ಪೋರ್ಚುಗಲ್ ರೇಸಿನಲ್ಲಿ ನಿಂತುಹೋದ ಕಾರನ್ನು ಹಾಥಾರ್ನ್ ಎದುರು ದಿಕ್ಕಿಗೆ ಓಡಿಸಿದರೆಂದು ಅನರ್ಹಗೊಳಿಸುವ ಮಾತು ಬಂತು. ರೇಸು ಗೆದ್ದಿದ್ದ ಮಾಸ್ ತಾವೇ ಹೋಗಿ, ಕಾರು ರೇಸಿನ ಹಾದಿಯಲ್ಲಿರಲಿಲ್ಲ, ಪಾದಚಾರಿ ದಾರಿಯಲ್ಲಿತ್ತು ಎಂದು ಸಾಕ್ಷಿ ನುಡಿದರು. ಹಾಥಾರ್ನ್‌ಗೆ ಏಳು ಅಂಕ ಉಳಿಯಿತು. ವರ್ಷಾಂತ್ಯದ ಲೆಕ್ಕ: ಹಾಥಾರ್ನ್ 42, ಮಾಸ್ 41. ಅದೇ ವರ್ಷ ಆರಂಭವಾದ ತಯಾರಕರ ಪ್ರಶಸ್ತಿ ಮಾತ್ರ ವಾನ್‌ವಾಲ್‌ಗೆ ಸಿಕ್ಕಿತು. ಕೊನೆಯ ಮೊರಾಕೊ ರೇಸಿನಲ್ಲಿ ಬೆಂಕಿಗೆ ಸಿಕ್ಕಿದ ಅದರ ಚಾಲಕ ಸ್ಟುವರ್ಟ್ ಲೂಯಿಸ್-ಇವಾನ್ಸ್ ಕೆಲವೇ ದಿನಗಳಲ್ಲಿ ತೀರಿಕೊಂಡರು. ನಿವೃತ್ತಿ ಘೋಷಿಸಿದ ಹಾಥಾರ್ನ್ 1959ರ ಜನವರಿಯಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದರು.

1959ರಲ್ಲಿ ಮಾಸ್ ಆರಿಸಿಕೊಂಡದ್ದು ರಾಬ್ ವಾಕರ್ ಅವರ ಖಾಸಗಿ ತಂಡ. ಕಾರು ಕೂಪರ್, ಗೇರ್‌ಬಾಕ್ಸ್ ಮಾತ್ರ ಬೇರೆಯವರದು. ಜಾಕ್ ಬ್ರಬಾಮ್ ಅವರ ಬಳಿ ಕೂಪರ್ ಕಂಪನಿಯದೇ ಕಾರಿತ್ತು. ಅಮೆರಿಕದ ಸೆಬ್ರಿಂಗ್‌ನಲ್ಲಿ ನಡೆದ ಕೊನೆಯ ರೇಸಿನಲ್ಲಿ ಮುಂದಿದ್ದ ಮಾಸ್ ಕಾರಿನ ಗೇರ್‌ಬಾಕ್ಸ್ ಕೆಲವೇ ಸುತ್ತುಗಳಲ್ಲಿ ಕೈಕೊಟ್ಟಿತು. ಇಂಧನ ಮುಗಿದ ಬ್ರಬಾಮ್ ತಮ್ಮ ಕಾರನ್ನು ಕೈಯಿಂದ ತಳ್ಳಿಕೊಂಡೇ ಗೆರೆ ದಾಟಿ ನಾಲ್ಕನೆಯವರಾದರು, ಚಾಂಪಿಯನ್ ಆದರು.