ನಾರುಹುಣ್ಣು

ನಾರುಹುಣ್ಣು: ಡ್ರಾಕನ್‌ಕ್ಯುಲಸ್ ಮೆಡಿನೆನ್ಸಿಸ್ ಎಂಬ ದುಂಡುಹುಳುವಿನಿಂದ ಬರುವ ರೋಗ. ಗಿನಿ ಹುಳುರೋಗ ಎಂಬ ಹೆಸರೂ ಇದೆ. ಉತ್ತರ ಕರ್ನಾಟಕದ ಬಯಲುಸೀಮೆಯ ಹಳ್ಳಿಗಳನ್ನು 20ನೆಯ ಶತಮಾನದ ಕೊನೆಯ ದಶಕಗಳವರೆಗೆ ಕಾಡಿತ್ತು. ಭಾರತದಲ್ಲಿ ಈಗ ಇಲ್ಲ.

ಜೀವನಚಕ್ರ: ನಿಂತ ನೀರಿನಲ್ಲಿ ಬೆಳೆಯುವ ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜೀವಿ ಹುಳುವಿನ ಮರಿಗಳನ್ನು ನುಂಗುತ್ತದೆ. ಅದರ ಒಡಲಲ್ಲಿ ಎರಡು ವಾರ ಬೆಳೆದ ಮರಿಗಳು ಸೋಸದ ನೀರಿನೊಂದಿಗೆ ಮನುಷ್ಯನ ಹೊಟ್ಟೆ ಸೇರುತ್ತವೆ. ಜಠರದಲ್ಲಿ ಸೈಕ್ಲಾಪ್ಸ್ ಸಾಯುತ್ತದೆ. ಮರಿಗಳು ಕರುಳನ್ನು ಕೊರೆದು ಹೊರಬಂದು ಬಲಿಯುತ್ತವೆ. ಗಂಡು ಕೂಡಿದ ಮೇಲೆ ಸಾಯುತ್ತದೆ. ಹೆಣ್ಣು ಸುಮಾರು ಒಂದು ವರ್ಷದಲ್ಲಿ 60ರಿಂದ 100 ಸೆಂ.ಮೀ. ಉದ್ದವಾಗಿ ಚರ್ಮದಡಿಗೆ ಬರುತ್ತದೆ. ಸಾಮಾನ್ಯವಾಗಿ ಮೊಣಕಾಲಿನ ಕೆಳಗೆ ಬೊಕ್ಕೆ ಏಳುತ್ತದೆ. ಉರಿ ತಾಳದೆ ರೋಗಿ ಕಾಲನ್ನು ನೀರಿಗಿಟ್ಟಾಗ ಬೊಕ್ಕೆ ಒಡೆದು ಲಕ್ಷಾಂತರ ಮರಿಗಳು ನೀರು ಸೇರುತ್ತವೆ. ಸೈಕ್ಲಾಪ್ಸ್‌ನ ಈ ಪಾತ್ರವನ್ನು 1870ರ ಸುಮಾರಿಗೆ ಗುರುತಿಸಿದವನು ರಷ್ಯದ ಅಲೆಕ್ಸಿ ಫೆಡ್ಚೆಂಕೊ.

ಚಿಕಿತ್ಸೆ: ಹುಳುವನ್ನು ಕೊಲ್ಲುವ ಔಷಧಿಯಾಗಲಿ ತಡೆಲಸಿಕೆಯಾಗಲಿ ಇಲ್ಲ. ಹೊರಬಂದ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಕೆಲವು ಸೆಂ.ಮೀ.ನಂತೆ ಎಳೆಯುವುದೇ ಹಳೆಯ ರೂಢಿ; ಪೂರ್ತಿ ತೆಗೆಯಲು ವಾರಗಳೇ ಹಿಡಿಯುತ್ತವೆ. ನಡುವೆ ಹರಿದರೆ ಊತ, ಕೀವು ತಪ್ಪದು. ಒಮ್ಮೆ ಬಂದವರಿಗೆ ಮತ್ತೆ ಬಾರದೆಂದೇನಿಲ್ಲ. ಸಾವು ಅಪರೂಪವಾದರೂ ದುಡಿಯುವವರು ಹಾಸಿಗೆ ಹಿಡಿಯುತ್ತಿದ್ದರು.

ಕರ್ನಾಟಕದಲ್ಲಿ: ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕ ಒಂದು, ಅದರ ಪೀಡಿತ ಜಿಲ್ಲೆಗಳಲ್ಲಿ ಆಗಿನ ವಿಜಾಪುರವೂ ಸೇರಿತ್ತು. ರೋಗಕ್ಕೆ ನೆಲೆಯಾಗಿದ್ದುದು ಮೆಟ್ಟಿಲುಬಾವಿ. ಕೊಡ ತುಂಬಲು ಪಾವಟಿಗೆ ಇಳಿದವರ ಕಾಲು ಕುಡಿಯುವ ನೀರಿನಲ್ಲೇ ಅದ್ದುತ್ತಿತ್ತು. ಹಗ್ಗ ಬಿಟ್ಟು ನೀರೆತ್ತುವ ಸೇದುಬಾವಿಯಲ್ಲಿ ಈ ಅಪಾಯವಿರಲಿಲ್ಲ.

ನಿರ್ಮೂಲನ: ರಾಷ್ಟ್ರೀಯ ಕಾರ್ಯಕ್ರಮ 1983–84ರಲ್ಲಿ ಆರಂಭವಾಯಿತು. 1984ರಲ್ಲಿ ದೇಶದಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಮೆಟ್ಟಿಲುಬಾವಿಗಳನ್ನು ಸೇದುಬಾವಿಗಳಾಗಿ ಮಾರ್ಪಡಿಸುವುದು, ಬೋರ್‌ವೆಲ್ ಕೊರೆದು ಕೈಪಂಪು ಹಾಕುವುದು, ಸೈಕ್ಲಾಪ್ಸ್ ಕೊಲ್ಲುವ ಟೆಮೆಫಾಸ್ ಎಂಬ ರಾಸಾಯನಿಕವನ್ನು ನೀರಿಗೆ ಬೆರೆಸುವುದು, ಬಟ್ಟೆಯಲ್ಲಿ ನೀರು ಸೋಸುವುದನ್ನು ಕಲಿಸುವುದು, ಮನೆಮನೆ ತಿರುಗಿ ರೋಗಿಗಳನ್ನು ಹುಡುಕುವುದು ಅದರ ಮುಖ್ಯ ಕ್ರಮಗಳು. ಕೊನೆಯ ರೋಗಿ 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಪತ್ತೆಯಾದ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ರೋಗಮುಕ್ತವೆಂದು ಪ್ರಮಾಣೀಕರಿಸಿತು.

ಪ್ರಾಣಿಗಳಲ್ಲಿ: ಜಗತ್ತಿನಲ್ಲಿ 1986ರಲ್ಲಿ ಸುಮಾರು 35 ಲಕ್ಷವಿದ್ದ ರೋಗಿಗಳ ಸಂಖ್ಯೆ 2023ರಲ್ಲಿ 14ಕ್ಕೆ ಇಳಿದಿತ್ತು. ಆದರೆ ಆಫ್ರಿಕದ ಚಾಡ್‌ನಲ್ಲಿ 2012ರಿಂದ ನಾಯಿಗಳಲ್ಲೂ, ಇಥಿಯೋಪಿಯದಲ್ಲಿ ಕಾಡಿನ ಬಬೂನ್ ಕೋತಿಗಳಲ್ಲೂ ಇದೇ ಹುಳು ಕಾಣಿಸಿಕೊಂಡಿದೆ. ಸರಿಯಾಗಿ ಬೇಯದ ಮೀನು, ಕಪ್ಪೆಗಳ ಮೂಲಕವೂ ಸೋಂಕು ದಾಟುತ್ತಿರಬಹುದೆಂದು ತಜ್ಞರು ಊಹಿಸಿದ್ದಾರೆ. ಹಾಗಾಗಿ ಅಲ್ಲಿ ಮೀನಿನ ಕರುಳನ್ನು ಹೂಳಲು, ಸೋಂಕು ತಗಲಿದ ನಾಯಿಗಳನ್ನು ಕಟ್ಟಿಹಾಕಲು ಹೇಳಲಾಗುತ್ತಿದೆ. ಕಾಡುಪ್ರಾಣಿಗಳನ್ನು ಕಟ್ಟಿಹಾಕಲಾಗದು, ನಿರ್ಮೂಲನಕ್ಕೆ ಉಳಿದಿರುವ ದೊಡ್ಡ ತೊಡಕು ಇದು.